ತಂದೆ ಬರೆಸಿಕೊಂಡ ಮುಚ್ಚಳಿಕೆ

ಕನ್ನಡದಲ್ಲಿ ಬುದ್ಧಿ ಹೇಳುವುದು ಬೇರೆ, ಬುದ್ಧಿ ಕಲಿಸುವುದು ಬೇರೆ. ಹೇಳುವುದಕ್ಕೆ ಬಾಯಿ ಸಾಕು. ಕಲಿಸುವುದಕ್ಕೆ ಕೈಯೂ ಬೇಕು, ಕೆಲವು ವೇಳೆ ಕೈಯಲ್ಲಿ ಕೋಲೂ ಬೇಕು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಕ್ಕಲು ಮಕ್ಕಳು ಯಜಮಾನನನ್ನು ‘ಬುದ್ಧೀ’ ಎಂದೇ ಕರೆಯುತ್ತಿದ್ದರು. ತಿಳಿವಳಿಕೆಯೂ ಅಧಿಕಾರವೂ ಒಂದೇ ಮೈಯಲ್ಲಿ ವಾಸಮಾಡುತ್ತವೆ ಎಂಬ ನಂಬಿಕೆ ಆ ಒಂದು ಸಂಬೋಧನೆಯಲ್ಲಿ ಅಡಗಿತ್ತು. ವಯಸ್ಸಾದ ತಂದೆ ಪ್ರಾಯಕ್ಕೆ ಬಂದ ಮಗನಿಗೆ ಹೇಳುವ ಹಿತವಚನ ಎಷ್ಟರಮಟ್ಟಿಗೆ ತಿಳಿವಳಿಕೆ, ಎಷ್ಟರಮಟ್ಟಿಗೆ ಅಧಿಕಾರ ಎಂಬ ಪ್ರಶ್ನೆ ಮನೆಮನೆಯದು. ಅದು ಅರಮನೆಯದೂ ಆಗಿದ್ದ ಒಂದು ಸಂದರ್ಭ ನಮ್ಮ ಇತಿಹಾಸದಲ್ಲಿ ಉಂಟು. ಆ ಕಥೆ ನಡೆದ ನೆಲ ಬಹುಪಾಲು ಬೆಂಗಳೂರಿನ ಸುತ್ತಲಿನದು: ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ.

ಮಕ್ಕಳಿಗೆ ಬುದ್ಧಿವಾದವನ್ನು ಬರೆದಿಟ್ಟ ತಂದೆಯರು ಲೋಕದಲ್ಲಿ ಕಡಮೆಯಿಲ್ಲ. ಪರ್ಷಿಯದ ಕಡೆಯ ಕೈಕಾವೂಸ್ ಎಂಬ ಸಣ್ಣ ಅರಸ 1082ರಲ್ಲಿ ತನ್ನ ಮಗ ಗೀಲಾನ್‌ಶಹನಿಗಾಗಿ ‘ಕಾಬೂಸ್‌ನಾಮಾ’ ಎಂಬ ಗ್ರಂಥವನ್ನೇ ರಚಿಸಿದ. ಊಟ, ನಿದ್ರೆ, ಸ್ನೇಹ, ಕುದುರೆ ಕೊಳ್ಳುವುದು, ರಾಜ್ಯ ಆಳುವುದು, ಎಲ್ಲಕ್ಕೂ ಅದರಲ್ಲಿ ಒಂದೊಂದು ಅಧ್ಯಾಯ, ಒಟ್ಟು 44. ಔರಂಗಜೇಬನು ಮಕ್ಕಳಿಗೆ ಬರೆದ ಪತ್ರಗಳು ಪಾರಸಿ ಕಲಿಯುವವರಿಗೆ ಬಹುಕಾಲ ಪಠ್ಯವಾಗಿದ್ದವು. ಹೆತ್ತ ತಂದೆಯನ್ನು 1658ರಲ್ಲಿ ಸೆರೆಯಲ್ಲಿರಿಸಿದವನು ಮಕ್ಕಳಿಗೆ ಹೇಳಿದ ಬುದ್ಧಿ ಅದು ಎಂಬುದನ್ನು ಆ ವಿದ್ಯಾರ್ಥಿಗಳು ನೆನೆಯುತ್ತಿದ್ದರೋ ಇಲ್ಲವೋ! ಇಂಗ್ಲೆಂಡಿನ ಲಾರ್ಡ್ ಚೆಸ್ಟರ್‌ಫೀಲ್ಡ್ ಮಗನನ್ನು ನಾಜೂಕಿನ ರಾಜತಂತ್ರಜ್ಞನನ್ನಾಗಿ ಮಾಡಬೇಕೆಂದು ಮೂವತ್ತು ವರ್ಷ ಪತ್ರ ಬರೆದ. ಮಗ ಹಾಗೆ ಆಗಲೂ ಇಲ್ಲ, ತಂದೆಗಿಂತ ಮೊದಲೇ 1768ರಲ್ಲಿ ತೀರಿಕೊಂಡ. ಪತ್ರಗಳನ್ನು 1774ರಲ್ಲಿ ಅಚ್ಚು ಹಾಕಿಸಿದವಳು ಸೊಸೆ. ನಮ್ಮ ಕಾಲಕ್ಕೆ ಹತ್ತಿರದಲ್ಲಿ, 1928ರ ಬೇಸಗೆಯಲ್ಲಿ ಜವಾಹರಲಾಲ್ ನೆಹರೂ ಮಸ್ಸೂರಿಯಲ್ಲಿದ್ದ ಮಗಳಿಗೆ ಬರೆದ ಕಾಗದಗಳನ್ನು ಶಾಲೆಯಲ್ಲಿ ಓದದವರು ವಿರಳ.

ಇವೆಲ್ಲ ತಂದೆಯ ಕೈಬರಹಗಳು. ನಾನು ಹೇಳಹೊರಟದ್ದು ಮಗನ ಕೈಬರಹ. ತಂದೆ ಹೇಳಬೇಕಾಗಿದ್ದ ಬುದ್ಧಿಯನ್ನು ಮಗನೇ ತನ್ನ ಮಾತಾಗಿ, ‘ಹೀಗೆ ನಡೆಯುತ್ತೇನೆ, ತಪ್ಪಿದರೆ ಇಂಥ ಶಿಕ್ಷೆ’ ಎಂದು ಬರೆದುಕೊಟ್ಟ ಪತ್ರ. ತಂದೆ ಹೈದರಾಲಿ, ಮಗ ಟಿಪ್ಪು. ಇದರ ಇಂಗ್ಲಿಷ್ ಅನುವಾದವನ್ನು ಕೊಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಅವನ ಮೈಸೂರು ಇತಿಹಾಸದಲ್ಲಿ ಅದು ಸೇರಿದೆ. ಪತ್ರದಲ್ಲಿ ತಾರೀಖಿಲ್ಲ, 1770ರ ಆಸುಪಾಸಿನದೆಂದು ಗಣಿಸುವುದು ವಾಡಿಕೆ. ಆಗ ಹೈದರನಿಗೆ ಐವತ್ತರ ಹತ್ತಿರ ಹತ್ತಿರ, ಟಿಪ್ಪುವಿಗೆ ಇಪ್ಪತ್ತು. ವಿಲ್ಕ್ಸ್ ಗೆದ್ದವರ ಕಡೆಯವನು, ಟಿಪ್ಪುವಿನ ವಿಷಯದಲ್ಲಿ ಅವನ ಲೇಖನಿಗೆ ದಯೆಯಿಲ್ಲ. ಆದ್ದರಿಂದ ಅವನು ಹೇಳಿದ್ದನ್ನು ಸ್ವಲ್ಪ ಜರಡಿ ಹಿಡಿದೇ ತೆಗೆದುಕೊಳ್ಳಬೇಕು. ಆದರೆ ದಿವಾನ್ ಪೂರ್ಣಯ್ಯನವರನ್ನೂ ಹಳೆಯ ಸರದಾರರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿ ಬರೆದವನೂ ಅವನೇ. ಅವನನ್ನು ಬಿಟ್ಟು ಈ ಕಾಲದ ಕಥೆ ಹೇಳುವುದು ಯಾರಿಂದಲೂ ಆಗಿಲ್ಲ.

ಪತ್ರವನ್ನು ನೋಡುವ ಮೊದಲು ಅದನ್ನು ಬರೆಸಿಕೊಂಡ ತಂದೆಗೆ ಬುದ್ಧಿ ಹೇಳಿದವರು ಯಾರು ಎಂಬುದನ್ನು ನೋಡಬೇಕು. ಯಾರೂ ಇಲ್ಲ ಎಂಬುದೇ ಉತ್ತರ. ಹೈದರನ ತಂದೆ ಫತೇ ಮಹಮ್ಮದ್ ಸಿರಾದ ಸುಬೇದಾರನ ಸೈನ್ಯದಲ್ಲಿದ್ದವನು. ಸಿರಾ ಸುಬೇದಾರಿಗಾಗಿ ಇಬ್ಬರ ನಡುವೆ ನಡೆದ ಕಾಳಗದಲ್ಲಿ ಅವನೂ ಅವನ ಒಡೆಯ ಅಬ್ದುಲ್ ರಸೂಲ್ ಖಾನನೂ ಒಟ್ಟಿಗೇ ಮಡಿದರು. ಆ ಒಡೆಯನ ಮಗ ಅಬ್ಬಾಸ್ ಕುಲಿಖಾನನಿಗೆ ದೊಡ್ಡಬಳ್ಳಾಪುರ ಜಹಗೀರು. ಫತೇ ಮಹಮ್ಮದನ ಹೆಂಡತಿ ಮಕ್ಕಳು ಇದ್ದದ್ದೂ ಆ ಕೋಟೆಯಲ್ಲೇ.

ದೊಡ್ಡಬಳ್ಳಾಪುರವನ್ನು ಇಂದು ಮಗ್ಗದ ಊರೆಂದು ಬಲ್ಲೆವು. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತು, ಅದರಿಂದ ಬಳ್ಳಾಪುರ ಎಂದು ಊರಿನವರು ಹೇಳುವ ಸ್ಥಳಪುರಾಣ ಮುದ್ದಾಗಿದೆ. ಅದೇ ಊರಿನಲ್ಲಿ ಸುಮಾರು 1729ರಲ್ಲಿ ನಡೆದದ್ದು ಹಾಲಿನ ಕಥೆಯಲ್ಲ. ಸತ್ತ ಸರದಾರನಿಂದ ಸರ್ಕಾರಕ್ಕೆ ಬಾಕಿ ಬರಬೇಕೆಂದು ನೆಪ ಹೂಡಿ ಅಬ್ಬಾಸ್ ಕುಲಿಖಾನನು ಆ ವಿಧವೆಯ ಮನೆಯನ್ನು ಸೂರೆಮಾಡಿದ. ಅಷ್ಟಕ್ಕೆ ತೃಪ್ತಿಯಾಗದೆ ಎಂಟೊಂಬತ್ತು ವರ್ಷದ ಹಿರಿಯ ಮಗ ಶಾಬಾಜನನ್ನೂ ಆರೇಳು ವರ್ಷದ ಹೈದರನನ್ನೂ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿಸಿ, ಆ ಚರ್ಮವನ್ನು ಹದಮಾಡಿ ಕುಗ್ಗಿಸುತ್ತ ಒಳಗಿನ ಮಕ್ಕಳನ್ನು ಹಿಂಸಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ತಾಯಿ ಇದ್ದಬದ್ದದ್ದನ್ನೆಲ್ಲ ತೆತ್ತು ಮಕ್ಕಳನ್ನು ಬಿಡಿಸಿಕೊಂಡು ಬೆಂಗಳೂರಿಗೆ ಬಂದಳು; ಅಲ್ಲಿಂದ ಶ್ರೀರಂಗಪಟ್ಟಣಕ್ಕೆ, ಮೈಸೂರು ಸೈನ್ಯದಲ್ಲಿದ್ದ ನಂಟನೊಬ್ಬನ ಆಶ್ರಯಕ್ಕೆ. ಆ ನಗಾರಿಯಲ್ಲಿ ಕೂತ ಹುಡುಗನು ಮುಂದೆ ಯಾರಿಂದ ಏನು ಕಲಿಯಬೇಕೋ ಅದರ ಬಹುಭಾಗವನ್ನು ಅಲ್ಲಿಯೇ ಕಲಿತುಬಿಟ್ಟನೆಂದು ನನಗನ್ನಿಸುತ್ತದೆ: ತಂದೆ ಸತ್ತರೆ ಮನೆಗೆ ಯಾರೂ ಇಲ್ಲ, ಒಡೆಯನೆಂಬವನು ನಂಬತಕ್ಕವನಲ್ಲ, ಹಣವಿದ್ದರೆ ಬಾಗಿಲು ತೆರೆಯುತ್ತದೆ.

ಅಕ್ಷರ ಮಾತ್ರ ಅವನಿಗೆ ಒಲಿಯಲಿಲ್ಲ. ಕಡೆಯವರೆಗೂ ಓದು ಬರಹ ಬಾರದು. ರುಜು ಹಾಕಲೇಬೇಕಾಗಿ ಬಂದಾಗ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಕಲಿತ. ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನಂತೆ. ನೆನಪು, ಲೆಕ್ಕ, ಮನುಷ್ಯರ ಗುರುತು, ಈ ಮೂರರಲ್ಲಿ ಅವನನ್ನು ಮೀರಿಸಿದವರು ಆ ಕಾಲದ ದಕ್ಷಿಣದಲ್ಲಿ ಇರಲಿಲ್ಲವೆಂದು ಶತ್ರುಗಳೂ ಒಪ್ಪುತ್ತಾರೆ.

ಅವನ ಭಾಗ್ಯದ ಬಾಗಿಲು ತೆರೆದದ್ದು ದೇವನಹಳ್ಳಿಯಲ್ಲಿ. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಮಣ್ಣಿನಲ್ಲಿ ಕಟ್ಟಿಸಿದ ಆ ಕೋಟೆಯನ್ನು 1749ರಲ್ಲಿ ಮೈಸೂರಿನ ದಳವಾಯಿ ಮನೆತನದ ಕರಾಚೂರಿ ನಂಜರಾಜಯ್ಯನು ಮುತ್ತಿದ. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಅಣ್ಣ ಶಾಬಾಜನ ತುಕಡಿಯಲ್ಲಿ ಉಮೇದುವಾರನಾಗಿ ಬಂದಿದ್ದ, ಇಪ್ಪತ್ತೇಳರ ಪ್ರಾಯದವರೆಗೆ ಬೇಟೆ, ಮೋಜುಗಳಲ್ಲೇ ಕಾಲ ಕಳೆದಿದ್ದ ಹೈದರನು ಅಲ್ಲಿ ತೋರಿದ ಎದೆಗಾರಿಕೆ ನಂಜರಾಜಯ್ಯನ ಕಣ್ಣಿಗೆ ಬಿತ್ತು. 50 ಕುದುರೆ, 200 ಕಾಲಾಳು, ಗೆದ್ದ ಕೋಟೆಯ ಒಂದು ಹೆಬ್ಬಾಗಿಲಿನ ಕಾವಲು, ಇಷ್ಟು ಅವನಿಗೆ ದೊರೆತ ಬಹುಮಾನ. ಮರುವರ್ಷ, 1750ರ ನವೆಂಬರ್ 20ರಂದು, ಅದೇ ಊರಿನಲ್ಲಿ ಅವನ ಹೆಂಡತಿ ಫಾತಿಮಾ ಫಕ್ರುನ್ನೀಸಾ ಗಂಡುಮಗುವನ್ನು ಹೆತ್ತಳು. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರ ಹೆಸರನ್ನೇ ಮಗುವಿಗೆ ಇಟ್ಟರು. ಕೋಟೆಯ ಹೊರಗೆ ಆ ಸ್ಥಳದಲ್ಲಿ ಕಲ್ಲಿನ ಕಂಬದ ಪುಟ್ಟ ಮಂಟಪವಿದೆ. ವಿಮಾನ ನಿಲ್ದಾಣಕ್ಕೆ ಧಾವಿಸುವ ಮೋಟಾರುಗಳಲ್ಲಿ ಕುಳಿತವರಿಗೆ ಅದರ ಕಡೆ ತಿರುಗಿ ನೋಡುವಷ್ಟು ವ್ಯವಧಾನವಿಲ್ಲ. ಚಕ್ಕೋತದ ಹಣ್ಣು ಕೊಳ್ಳಲು ನಿಲ್ಲುವವರು ಮಾತ್ರ ಕೆಲವರು ಉಂಟು.

ಇನ್ನು ಮುಂದಿನ ಇಪ್ಪತ್ತು ವರ್ಷದ ಕಥೆ ವಾಚಕರಿಗೆ ತಿಳಿದದ್ದೇ. ಆದರೆ ಅದರಲ್ಲಿ ಮೂರು ಸಂಗತಿಗಳನ್ನು ನೆನಪಿಗೆ ತಂದುಕೊಳ್ಳದೆ ಮುಚ್ಚಳಿಕೆಯ ಅರ್ಥ ಬಿಡಿಸುವಂತಿಲ್ಲ.

ಒಂದು, ಹಣದ ವಿಷಯ. ದಿಂಡಿಗಲ್ಲಿನ ಫೌಜುದಾರನಾಗಿದ್ದ ಕಾಲದಲ್ಲಿ ಗಾಯಾಳು ಸಿಪಾಯಿಗಳಿಗೆ ಸರ್ಕಾರ ಕೊಡುವ ಭತ್ಯೆಯನ್ನು ಹೈದರ ಹೇಗೆ ವಸೂಲು ಮಾಡುತ್ತಿದ್ದನೆಂಬುದನ್ನು ವಿಲ್ಕ್ಸ್ ನಗುನಗುತ್ತ ವರ್ಣಿಸುತ್ತಾನೆ. ಗಾಯವಾಗದ ನೂರಾರು ಜನರ ಕೈಕಾಲುಗಳಿಗೆ ಅರಿಸಿನದ ಬಟ್ಟೆ ಸುತ್ತಿ ತಪಾಸಣೆಗೆ ಸಾಲಾಗಿ ನಿಲ್ಲಿಸುವುದು! ಲೆಕ್ಕ ಬರೆಯುತ್ತಿದ್ದವನು ಖಂಡೇರಾಯ.

ಎರಡು, ಒಡೆಯನ ವಿಷಯ. ಯಾವ ನಂಜರಾಜಯ್ಯ ದೇವನಹಳ್ಳಿಯಲ್ಲಿ ಕೈಹಿಡಿದು ಎತ್ತಿದನೋ ಅವನನ್ನು 1759ರಲ್ಲಿ ಅಧಿಕಾರದಿಂದ ಇಳಿಸಿದವನು ಹೈದರನೇ. ಸಂಬಳ ಬಾರದ ಸೈನಿಕರ ಗಲಭೆ, ಅರಮನೆಯವರ ಅಸಮಾಧಾನ, ಖಂಡೇರಾಯನ ಮೂಲಕ ಒಳಗೊಳಗೇ ನಡೆದ ಮಾತುಕತೆ, ಎಲ್ಲವೂ ಕೂಡಿ ಆ ಕೆಲಸವನ್ನು ಸದ್ದಿಲ್ಲದೆ ಮುಗಿಸಿದವು.

ಮೂರು, ಸೇವಕನ ವಿಷಯ. ಒಡೆಯನಿಗೆ ತಾನು ಮಾಡಿದ್ದನ್ನು ತನ್ನ ಸೇವಕ ತನಗೇ ಮಾಡಿದಾಗ ಹೈದರನಿಗೆ ಹೊಳೆದಿರಬೇಕು. ಖಂಡೇರಾಯನು ಅರಮನೆಯ ಪಕ್ಷ ಸೇರಿ, ಮರಾಠರನ್ನು ಕರೆಸಿ, 1760ರ ಆಗಸ್ಟ್ 12ರಂದು ಶ್ರೀರಂಗಪಟ್ಟಣದಲ್ಲಿ ಹೈದರನ ಮೇಲೆ ಫಿರಂಗಿ ಹಾರಿಸಿದ. ಹೈದರ ರಾತ್ರಿ ಕಾವೇರಿಯನ್ನು ದಾಟಿ, ಕೈಗೆ ಸಿಕ್ಕ ಕೆಲವರೊಡನೆ ಆನೇಕಲ್ಲಿನ ದಾರಿ ಹಿಡಿದು ಬೆಂಗಳೂರಿಗೆ ಓಡಿದ. ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟೇ ಓಡಬೇಕಾಯಿತು. ಹತ್ತು ವರ್ಷವೂ ತುಂಬಿರದ ಟಿಪ್ಪು ಶತ್ರುವಿನ ಕೈಯಲ್ಲಿ ಉಳಿದ. ಖಂಡೇರಾಯ ಆ ಸಂಸಾರವನ್ನು ಮರ್ಯಾದೆಯಿಂದಲೇ ಕಂಡನೆಂಬುದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಮರುವರ್ಷ ಹೈದರ ಗೆದ್ದು ಬಂದಾಗ ಖಂಡೇರಾಯನ ಪ್ರಾಣ ಉಳಿಸಿರೆಂದು ಅರಮನೆಯ ಹೆಂಗಸರು ಬೇಡಿದರು. ಗಿಣಿಯಂತೆ ಸಾಕುತ್ತೇನೆ ಎಂದು ಹೈದರ ಮಾತುಕೊಟ್ಟ. ಮಾತಿಗೆ ತಪ್ಪಲಿಲ್ಲ: ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ.

ಅದೇ 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆಯನ್ನು ಮುತ್ತಿ ಗೆಲ್ಲಲಾರದೆ ಕುಳಿತಿದ್ದ. ಹೈದರ ಅವನಿಗೆ 3 ಲಕ್ಷ ರೂಪಾಯಿ ಕೊಟ್ಟು, ಇನ್ನೂ ಗೆಲ್ಲದ ಸಿರಾ ಸೀಮೆಯ ನವಾಬಗಿರಿಯನ್ನು ಕೊಂಡುಕೊಂಡ. ಕೊಡುವವನ ಬಳಿಯೂ ಇಲ್ಲದ, ಕೊಳ್ಳುವವನ ಬಳಿಯೂ ಇಲ್ಲದ ಊರಿನ ಕ್ರಯಪತ್ರ! ಆ ದಂಡಯಾತ್ರೆಯಲ್ಲಿಯೇ ದೊಡ್ಡಬಳ್ಳಾಪುರದ ಸರದಿ ಬಂತು. ಮೂವತ್ತು ವರ್ಷಗಳಿಗೆ ಹಿಂದೆ ನಗಾರಿಯಲ್ಲಿ ಕೂರಿಸಿದ್ದ ಹುಡುಗ ಬರುತ್ತಿದ್ದಾನೆಂದು ಕೇಳಿ ಅಬ್ಬಾಸ್ ಕುಲಿಖಾನನು ಮನೆಮಂದಿಯನ್ನೂ ಬಿಟ್ಟು ಪೂರ್ವದ ಕಡೆಗೆ ಓಡಿಹೋದ. 1769ರಲ್ಲಿ ಹೈದರನ ಸವಾರರು ಮದರಾಸಿನ ಹೊರವಲಯದಲ್ಲಿ ಕಾಣಿಸಿಕೊಂಡಾಗ, ಅಲ್ಲಿ ಅಡಗಿದ್ದ ಈ ಮುದುಕ ಮುರುಕಲು ಹಡಗೊಂದನ್ನು ಹತ್ತಿ ಸಮುದ್ರಕ್ಕೆ ಹೋದವನು, ಹೈದರ ಘಟ್ಟ ಹತ್ತಿ ಹಿಂತಿರುಗಿದನೆಂದು ಖಾತ್ರಿಯಾಗುವವರೆಗೆ ನೆಲಕ್ಕೆ ಕಾಲಿಡಲಿಲ್ಲವಂತೆ.

ಈಗ ಮುಚ್ಚಳಿಕೆಗೆ ಬರೋಣ. ಎಂಟು ಕಲಮುಗಳು. ತಮ್ಮ ಅಪ್ಪಣೆಯಿಲ್ಲದೆ ನಾನು ಯಾವ ಕೆಲಸವನ್ನೂ ಮಾಡುವುದಿಲ್ಲ, ಮಾಡಿದರೆ ತಮಗೆ ತೋರಿದ ಶಿಕ್ಷೆ ಎಂಬುದು ಮೊದಲನೆಯದರ ತಾತ್ಪರ್ಯ. ಸರ್ಕಾರದ ವ್ಯವಹಾರದಲ್ಲಿ ಕಳವು ಮೋಸ ಮಾಡಿದರೆ, ಅದು ದೊಡ್ಡದಾಗಲಿ ಚಿಕ್ಕದಾಗಲಿ, ಕೊರಳು ಬಿಗಿದು ಕೊಲ್ಲಬಹುದು. ಸುಳ್ಳು ಹೇಳಿದರೂ ನಿಜವನ್ನು ತಿರುಚಿದರೂ ಅದೇ ಶಿಕ್ಷೆ. ಅಪ್ಪಣೆಯಿಲ್ಲದೆ ಯಾರಿಂದಲಾದರೂ ನಜರು ಕಾಣಿಕೆ ತೆಗೆದುಕೊಂಡರೆ ಮೂಗು ಕೊಯ್ದು ಊರಿನಿಂದ ಅಟ್ಟಬಹುದು. ಸರ್ಕಾರಿ ಕೆಲಸದ ಹೊರತು ಯಾರೊಡನೆಯಾದರೂ ಗುಟ್ಟಿನ ಮಾತಾಡಿದರೆ ಶಿಲುಬೆಗೇರಿಸಬಹುದು. ಸೀಮೆಯನ್ನೋ ಸೈನ್ಯವನ್ನೋ ವಹಿಸಿಕೊಟ್ಟರೆ ತಾವು ನೇಮಿಸಿದವರ ಸಲಹೆಯ ಮೇರೆಗೇ ನಡೆಯುತ್ತೇನೆ. ಕಾಗದ ಬರೆಯುವುದಿದ್ದರೂ ಬಂದ ಕಾಗದಕ್ಕೆ ಉತ್ತರ ಕೊಡುವುದಿದ್ದರೂ ಅವರನ್ನು ಕೇಳಿಯೇ ಮಾಡುತ್ತೇನೆ. ಕಡೆಯದಾಗಿ, ಇದನ್ನೆಲ್ಲ ನಾನಾಗಿಯೇ ಮನಸ್ಸಂತೋಷದಿಂದ ಬರೆದುಕೊಟ್ಟಿದ್ದೇನೆ.

ಹಳೆಯ ಕ್ರಯಪತ್ರ ಭೋಗ್ಯಪತ್ರಗಳನ್ನು ಓದಿದವರಿಗೆ ‘ಸ್ವಸಂತೋಷದಿಂದ ಬರೆದುಕೊಟ್ಟ’ ಎಂಬ ಮಾತಿನ ರುಚಿ ಗೊತ್ತು. ಯಾವ ಪತ್ರದಲ್ಲಿ ಸಂತೋಷ ಎಷ್ಟು ಕಡಮೆಯೋ ಆ ಪತ್ರದಲ್ಲಿ ಆ ಮಾತು ಅಷ್ಟು ದಪ್ಪಕ್ಷರದಲ್ಲಿ ಇರುತ್ತದೆ.

ಈ ಶಿಕ್ಷೆಗಳನ್ನು ಕಂಡು ಹೈದರನನ್ನು ಕ್ರೂರಿಯೆಂದು ಕರೆದು ಪುಟ ತಿರುಗಿಸುವುದು ಸುಲಭ. ವಿಲ್ಕ್ಸ್ ಬಯಸಿದ್ದೂ ಅಷ್ಟೇ ಇರಬಹುದು. ಆದರೆ ಕಲಮುಗಳನ್ನು ತಂದೆಯ ಜೀವನದ ಪಕ್ಕದಲ್ಲಿಟ್ಟು ಓದಿರಿ. ಸರ್ಕಾರದ ಲೆಕ್ಕದಲ್ಲಿ ಕಳವು ಮಾಡಬೇಡ ಎನ್ನುವವನು ಅರಿಸಿನದ ಬಟ್ಟೆ ಸುತ್ತಿಸಿದವನು. ಅನ್ಯರೊಡನೆ ಗುಟ್ಟು ಮಾತು ಬೇಡ ಎನ್ನುವವನು ಗುಟ್ಟು ಮಾತಿನಿಂದ ನಂಜರಾಜಯ್ಯನನ್ನು ಇಳಿಸಿದವನು, ಗುಟ್ಟು ಮಾತಿನಿಂದಲೇ ಖಂಡೇರಾಯನ ಬಲೆಗೆ ಬಿದ್ದವನು. ಕಾಣಿಕೆಯ ಶಕ್ತಿ ಎಷ್ಟೆಂಬುದು ಹೊಸಕೋಟೆಯ ಬಯಲಿನಲ್ಲಿ 3 ಲಕ್ಷ ಎಣಿಸಿಕೊಟ್ಟವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು? ಕಾಗದದ ಕಲಮಿನ ಮಾತಂತೂ ಮನಸ್ಸಿಗೆ ನಾಟುತ್ತದೆ. ಅಕ್ಷರ ಬಾರದ ತಂದೆ, ಅಕ್ಷರ ಬಲ್ಲ ಮಗ. ಹೈದರನು ಮಗನಿಗೆ ಪಾರಸಿ ಉರ್ದುಗಳನ್ನು ಕಲಿಸಿದ, ಗಾಜಿಖಾನನ ಕೈಯಲ್ಲಿ ಯುದ್ಧವಿದ್ಯೆ ಕಲಿಸಿದ. 1767ರಲ್ಲಿ ಹದಿನೇಳರ ಹುಡುಗನನ್ನು ಮದರಾಸಿನ ಬಾಗಿಲವರೆಗೆ ಸವಾರರೊಡನೆ ಕಳುಹಿಸಿದ. ತಾನು ಕೊಡಿಸಿದ ವಿದ್ಯೆಯಿಂದ ಮಗ ಏನು ಬರೆಯುತ್ತಾನೆಂಬುದನ್ನು ತಾನೇ ಓದಲಾರ. ಆದ್ದರಿಂದ ಮಗ ಬರೆಯುವುದಕ್ಕೇ ಒಬ್ಬ ಕಾವಲುಗಾರ ಬೇಕಾಯಿತು. ಓದದ ತಂದೆತಾಯಿ ಹೊಟ್ಟೆ ಕಟ್ಟಿ ಓದಿಸಿದ ಮಕ್ಕಳು ನಮ್ಮ ಕಾಲೇಜುಗಳ ತುಂಬ ಇದ್ದಾರೆ; ಮಗನ ಪುಸ್ತಕವನ್ನು ತಂದೆ ಹೆಮ್ಮೆಯಿಂದಲೂ ಅಷ್ಟೇ ಅನುಮಾನದಿಂದಲೂ ತಿರುವಿಹಾಕುವುದನ್ನು ಕಂಡವರಿಗೆ ಈ ಕಲಮು ವಿಚಿತ್ರವೆನಿಸದು.

ಹೆತ್ತವರು ಮಕ್ಕಳಿಗೆ ಬೇಡವೆನ್ನುವುದರಲ್ಲಿ ಹೆಚ್ಚಿನದು ತಾವು ಮಾಡಿ ಬಂದದ್ದು. ಇದನ್ನು ಕಪಟವೆಂದು ಕರೆಯುವುದು ಪ್ರಾಯದವರ ಸ್ವಭಾವ. ನಾನು ಹಾಗೆ ಕರೆಯಲಾರೆ. ಹೈದರನ ದೋಷ ಅಲ್ಲಿಲ್ಲ. ಅವನು ತನ್ನ ಅನುಭವವನ್ನು ಹೇಳಲಿಲ್ಲ, ಅದರಿಂದ ಹುಟ್ಟಿದ ಭಯವನ್ನು ಮಾತ್ರ ಹೇಳಿದ. ‘ನಾನು ನಂಜರಾಜಯ್ಯನಿಗೆ ಹೀಗೆ ಮಾಡಿದೆ, ಅದರ ಫಲ ಖಂಡೇರಾಯನ ರೂಪದಲ್ಲಿ ಬಂತು’ ಎಂದು ಮಗನನ್ನು ಕೂರಿಸಿಕೊಂಡು ಹೇಳಿದ್ದರೆ ಅದು ಬುದ್ಧಿವಾದ. ‘ಮಾಡಿದರೆ ಮೂಗು ಕೊಯ್ಯಿರಿ ಎಂದು ಬರೆದುಕೊಡು’ ಎಂದರೆ ಅದು ಜಾಮೀನು. ಮುಚ್ಚಳಿಕೆಯ ಎಂಟು ಕಲಮುಗಳಲ್ಲಿ ಏನು ಮಾಡಬಾರದು ಎಂಬುದಿದೆ. ಏಕೆ ಎಂಬುದು ಒಂದರಲ್ಲೂ ಇಲ್ಲ.

ಈ ತಂದೆ ಮಗನ ನಡುವೆ ಪ್ರೀತಿಯಿರಲಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. 1771ರ ಮಾರ್ಚಿಯಲ್ಲಿ ಚಿನಕುರಳಿಯ ಬಳಿ ನಡೆದದ್ದನ್ನು ನೋಡಿ. ತ್ರಯಂಬಕರಾಯನ ಮರಾಠಾ ಸೈನ್ಯಕ್ಕೆ ಸಿಕ್ಕದಂತೆ ಹೈದರನು ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರಿಯಲ್ಲಿ ಹಿಮ್ಮೆಟ್ಟುತ್ತಿದ್ದ. ಅಂದು ಮಿತಿಮೀರಿ ಕುಡಿದಿದ್ದ ಎನ್ನುತ್ತಾನೆ ವಿಲ್ಕ್ಸ್. ಟಿಪ್ಪುವಿಗೆ ಹೇಳಿಕಳುಹಿಸಿದ್ದು ಕತ್ತಲಲ್ಲಿ ತಲಪಲಿಲ್ಲ. ಬೆಳಗಿನ ಜಾವ ಮಗ ಎದುರಿಗೆ ಬಂದಾಗ ತಂದೆ ಸೈನಿಕರ ನಡುವೆಯೇ ಬಾಯಿಗೆ ಬಂದಂತೆ ಬೈದು, ಹತ್ತಿರದವನ ಕೈಯ ಕೋಲನ್ನು ಕಸಿದು ಹೊಡೆದ. ಇಪ್ಪತ್ತು ವರ್ಷದ ಮಗ ಕತ್ತಿಯನ್ನೂ ಪೇಟವನ್ನೂ ನೆಲಕ್ಕೆ ಎಸೆದು, ತಂದೆಯ ಯುದ್ಧವನ್ನು ತಂದೆಯೇ ಮಾಡಲಿ, ಇಂದು ನಾನು ಕತ್ತಿ ಹಿಡಿಯುವುದಿಲ್ಲ ಎಂದು ಆಣೆಯಿಟ್ಟ, ಹಿಡಿಯಲೂ ಇಲ್ಲ. ಸೈನ್ಯ ಚೂರುಚೂರಾಯಿತು. ಹೈದರನು ಕುದುರೆಯೇರಿ ಶ್ರೀರಂಗಪಟ್ಟಣದ ಹೊರಗಿನ ಖಾದಿರ್ ವಲಿಯ ದರ್ಗಾ ಸೇರಿದ, ಆದರೆ ಕೋಟೆಯೊಳಕ್ಕೆ ಹೋಗಲಿಲ್ಲ. ಮಗ ಸತ್ತನೆಂದು ಬಗೆದು ಅಲ್ಲಿಯೇ ಪ್ರಾರ್ಥನೆ ಮಾಡುತ್ತ ಕುಳಿತುಬಿಟ್ಟ. ಟಿಪ್ಪು ಫಕೀರನ ವೇಷದಲ್ಲಿ ಶತ್ರುಗಳ ನಡುವೆ ನುಸುಳಿ ಅಲ್ಲಿಗೆ ಬಂದ ಮೇಲೆಯೇ ತಂದೆಗೆ ಜೀವ ಬಂದದ್ದು. ಬೆಳಗ್ಗೆ ಕೋಲಿನಿಂದ ಹೊಡೆದ ಕೈ, ರಾತ್ರಿ ದರ್ಗಾದ ಮುಂದೆ ಚಾಚಿದ ಕೈ, ಎರಡೂ ಒಬ್ಬನದೇ. ಆದರೆ ಮುಚ್ಚಳಿಕೆಯನ್ನು ಬರೆಸಿದ್ದು ಮೊದಲನೆಯದು.

ಹೈದರನು ‘ಏಕೆ’ ಎಂಬುದನ್ನು ಹೇಳಿದ ಸಂದರ್ಭವೂ ಒಂದುಂಟು, ಹೇಳಿದ್ದು ಮಗನಿಗಲ್ಲ. ಎರಡನೆಯ ಮೈಸೂರು ಯುದ್ಧ ಮೊದಲಾಗಿ ಪೊಳ್ಳಿಲೂರಿನ ಗೆಲವು, ಪೋರ್ಟೊನೋವೊ ಸೋಲು ಎರಡೂ ಆಗಿದ್ದವು. ಪೂರ್ಣಯ್ಯನವರೊಬ್ಬರೇ ಬಳಿಯಲ್ಲಿದ್ದಾಗ ಹೈದರನು ಬಹಳ ಹೊತ್ತು ಸುಮ್ಮನಿದ್ದು, ತಾನು ದೊಡ್ಡ ತಪ್ಪು ಮಾಡಿದೆನೆಂದೂ, ಕಾಸಿನ ಹೆಂಡಕ್ಕೆ ಲಕ್ಷ ವರಹ ತೆತ್ತಂತಾಯಿತೆಂದೂ ಹೇಳಿದನಂತೆ. ಇಂಗ್ಲಿಷರ ದಂಡುಗಳನ್ನು ನೆಲದ ಮೇಲೆ ಎಷ್ಟು ಮುರಿದರೂ ಸಮುದ್ರವನ್ನು ತಾನು ಒಣಗಿಸಲಾರೆ ಎಂಬುದು ಆ ಮಾತಿನ ತಿರುಳು. ಈ ನಾಡಿನ ಅರಸರಲ್ಲಿ ಇಂಗ್ಲಿಷರ ಶಕ್ತಿಯ ಮೂಲವನ್ನು ಇಷ್ಟು ಸ್ಪಷ್ಟವಾಗಿ ಕಂಡವರು ಬೇರೆ ಇಲ್ಲ. ಪೂರ್ಣಯ್ಯನವರು ಅದನ್ನು ನೆನಪಿಟ್ಟು ವಿಲ್ಕ್ಸನಿಗೆ ಹೇಳಿದ್ದರಿಂದ ನಮಗೆ ಉಳಿಯಿತು. ದೇವನಹಳ್ಳಿಯ ಕೋಟೆಯೊಳಗೆ ಪೂರ್ಣಯ್ಯನವರದೆಂದು ತೋರಿಸುವ ಮನೆಯೊಂದಿದೆ. ಟಿಪ್ಪು ಹುಟ್ಟಿದ ಜಾಗಕ್ಕೂ ಆ ಮನೆಗೂ ಕೂಗಳತೆಯ ದೂರ. ತಂದೆಯ ಅತ್ಯಂತ ಬೆಲೆಯುಳ್ಳ ಮಾತು ಮಗನಿಗೆ ದಕ್ಕದೆ ಮಂತ್ರಿಗೆ ದಕ್ಕಿತಲ್ಲ ಎಂದು ಅಲ್ಲಿ ನಡೆದಾಡುವಾಗ ನೆನಪಾಗುತ್ತದೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ ತೀರಿಕೊಂಡಾಗ ಟಿಪ್ಪು ಮಲಬಾರಿನಲ್ಲಿದ್ದ. ಪೂರ್ಣಯ್ಯ, ಕೃಷ್ಣರಾಯರು ಸಾವಿನ ಸುದ್ದಿಯನ್ನು ಸೈನ್ಯಕ್ಕೆ ತಿಳಿಯಗೊಡದೆ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಖಜಾನೆಯೆಂಬಂತೆ ಕೋಲಾರಕ್ಕೆ ಸಾಗಿಸಿದರು. ತಂದೆ ಫತೇ ಮಹಮ್ಮದನ ಗೋರಿಯ ಪಕ್ಕದಲ್ಲಿ ಕೆಲವು ಕಾಲವಿದ್ದು ಅದು ಶ್ರೀರಂಗಪಟ್ಟಣಕ್ಕೆ ಹೋಯಿತು. ಹೈದರನ ಪೇಟದ ಮಡಿಕೆಯಲ್ಲಿ ಚೀಟಿಯೊಂದು ಸಿಕ್ಕಿತೆಂದೂ, ಇಂಗ್ಲಿಷರೊಡನೆ ಹೇಗಾದರೂ ಮೊದಲು ಸಂಧಿ ಮಾಡಿಕೊಂಡೇ ಊರಿಗೆ ಹಿಂತಿರುಗು ಎಂದು ಅದರಲ್ಲಿ ಮಗನಿಗೆ ಬರೆಸಿದ್ದನೆಂದೂ ಒಂದು ಕಥೆಯಿದೆ. ತನ್ನ ಹೆಸರನ್ನೇ ತಲೆಕೆಳಗಾಗಿ ಬರೆಯುತ್ತಿದ್ದವನ ಪೇಟದಲ್ಲಿ ಚೀಟಿ! ಕಥೆಯೆಂದೇ ಅದನ್ನು ಇಟ್ಟುಕೊಳ್ಳೋಣ. ಜನ ಇಂಥದೊಂದನ್ನು ಕಟ್ಟಿಕೊಂಡರೆಂಬುದೇ ಸ್ವಾರಸ್ಯ: ಬೆದರಿಕೆಯಿಲ್ಲದ, ಕಾರಣ ಸಹಿತವಾದ ಒಂದು ಮಾತನ್ನು ತಂದೆ ಮಗನಿಗೆ ಬಿಟ್ಟುಹೋಗಬೇಕಾಗಿತ್ತು ಎಂದು ಅವರಿಗೂ ಅನ್ನಿಸಿರಬೇಕು. ಟಿಪ್ಪು ಸಂಧಿಯನ್ನೇನೋ ಮಾಡಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ, ತಲೆತಗ್ಗಿಸದೆ.

ಕಾವಲುಗಾರನ ಕಣ್ಣಿನಡಿ ಕಾಗದ ಬರೆಯಬೇಕಾಗಿದ್ದ ಮಗ, ತಾನೇ ಒಡೆಯನಾದ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಸೇನಾಪತಿಗಳಿಗೆ, ಅಮಲ್ದಾರರಿಗೆ, ರಾಯಭಾರಿಗಳಿಗೆ ಕಳುಹಿಸಿದ ಪತ್ರಗಳಲ್ಲಿ ಕೆಲವನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ರೇಷ್ಮೆ ಹುಳು ಸಾಕುವುದರಿಂದ ಹಿಡಿದು ರೋಗಕ್ಕೆ ಮದ್ದಿನವರೆಗೆ ಅವುಗಳಲ್ಲಿ ಬುದ್ಧಿವಾದವೇ ಬುದ್ಧಿವಾದ. ಕನಸುಗಳನ್ನು ಕೂಡ ತನ್ನ ಕೈಯಿಂದ ಗುಟ್ಟಾಗಿ ಬರೆದಿಟ್ಟ. ಹೈದರ ರಾಜ್ಯ ಕಟ್ಟಲು ಹುಟ್ಟಿದವನು, ಟಿಪ್ಪು ಕಳೆಯಲು ಹುಟ್ಟಿದವನು ಎಂಬ ಮಾತೊಂದನ್ನು ವಿಲ್ಕ್ಸ್ ದಾಖಲಿಸಿದ್ದಾನೆ. ಅದು ಗೆದ್ದವರಿಗೆ ಹಿತವಾದ ಮಾತು. ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಟ್ಟಾಗಿ ಹೈದರನ ಮೇಲೆ ಬಂದಿರಲಿಲ್ಲ. ಟಿಪ್ಪುವಿನ ಮೇಲೆ ಬಂದರು.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಕಾರ್ನ್‌ವಾಲಿಸನ ಸೈನ್ಯ ಉತ್ತರಕ್ಕೆ ತಿರುಗಿದಾಗ ದೇವನಹಳ್ಳಿಯೂ ಕೈಬಿಟ್ಟಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ತೀರುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಅಬ್ದುಲ್ ಖಾಲಿಕನಿಗೆ ಹತ್ತರ ಹತ್ತಿರ, ಮುಯಿಜುದ್ದೀನನಿಗೆ ಅವನಿಗಿಂತ ಎರಡು ಮೂರು ವರ್ಷ ಕಡಮೆ. 1792ರ ಫೆಬ್ರವರಿ 26ರಂದು ಆನೆಯ ಮೇಲೆ ಕೂತು ಅವರು ಕಾರ್ನ್‌ವಾಲಿಸನ ಡೇರೆಗೆ ಹೋದ ದೃಶ್ಯವನ್ನು ಇಂಗ್ಲೆಂಡಿನ ಚಿತ್ರಕಾರರು ಕಣ್ಣಾರೆ ಕಂಡವರಂತೆ ಮತ್ತೆ ಮತ್ತೆ ಬರೆದರು. ದೊಡ್ಡಬಳ್ಳಾಪುರದ ನಗಾರಿಯಿಂದ ಅರವತ್ತಮೂರು ವರ್ಷಗಳ ಮೇಲೆ ಮತ್ತೆ ಅದೇ ಮನೆತನದ ಇಬ್ಬರು ಚಿಕ್ಕ ಹುಡುಗರು, ಮತ್ತೆ ಬಾಕಿಯ ಹಣ. ನಗಾರಿಯ ಬದಲು ಬಿಳಿಯ ಮಸ್ಲಿನ್ ಅಂಗಿ, ಚಿನ್ನದ ಗಡಿಯಾರದ ಉಡುಗೊರೆ, ಮದರಾಸಿನಲ್ಲಿ ವಾಸ.

ಹಣ ಸಂದಿತು. 1794ರ ಮಾರ್ಚ್ ತಿಂಗಳ ಕೊನೆಯಲ್ಲಿ ಕ್ಯಾಪ್ಟನ್ ಡವ್‌ಟನ್ ಹುಡುಗರನ್ನು ಕರೆತಂದು ತಂದೆಗೆ ಒಪ್ಪಿಸಿದ. ಒಪ್ಪಿಸಿದ ಸ್ಥಳ ದೇವನಹಳ್ಳಿ. ಎರಡು ವರ್ಷ ಕಣ್ಮರೆಯಾಗಿದ್ದ ಮಕ್ಕಳು ಅಷ್ಟು ಎತ್ತರ ಬೆಳೆದು ಬಂದಿದ್ದಾರೆ. ಡೇರೆಯಲ್ಲಿ ಸುಲ್ತಾನ ಕುಳಿತಿದ್ದಾನೆ. ಹುಡುಗರು ಸದ್ದಿಲ್ಲದೆ ಮುಂದೆ ಬಂದು ಅವನ ಪಾದಗಳ ಮೇಲೆ ತಲೆಯಿಟ್ಟರು. ಅವನು ಕೈಚಾಚಿ ಅವರ ಕುತ್ತಿಗೆಯನ್ನು ಮುಟ್ಟಿದ. ಅವರು ಎದ್ದು ನಿಂತಾಗ ಕುಳಿತುಕೊಳ್ಳಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದ. ವಿಲ್ಕ್ಸ್ ವರ್ಣಿಸುವ ಪ್ರಕಾರ ಅಷ್ಟು ಹೊತ್ತೂ ಯಾರೂ ಒಂದು ಮಾತನ್ನೂ ಆಡಲಿಲ್ಲ.